ನೆದರ್ಲೆಂಡ್ಸ್‌ನಲ್ಲಿ ಹಾಕಿ ಕ್ಲಬ್ ಸೇರುವ ಕೊಡಗಿನವರಿಗೆ: ಬಿಡುವಾಗ ಬರೆಯಬೇಕಾದ ಆ ಒಂದು ಪತ್ರವನ್ನು ಮರೆಯಬೇಡಿ

ಕಳೆದ ಆಗಸ್ಟಿನಲ್ಲಿ ಪೊನ್ನಂಪೇಟೆಯ ಹುಡುಗನೊಬ್ಬ ನಮ್ಮ ಮನೆಗೆ ಬಂದು, ಊಟದ ಮೇಜಿನ ಮೇಲೆ ಒಂದು ಲಕೋಟೆ ಇಟ್ಟು, "ಅಣ್ಣಾ, ಇದನ್ನು ಸ್ವಲ್ಪ ಓದಿ ಹೇಳಿ, ಡಚ್ ಭಾಷೆಯಲ್ಲಿದೆ" ಎಂದ. ಲಕೋಟೆಯ ಮೇಲಿನ ಮುದ್ರೆ ನೋಡಿದ ಕೂಡಲೇ ಒಳಗೇನಿದೆ ಎಂದು ನನಗೆ ಗೊತ್ತಾಯಿತು. ಸಾಲ ವಸೂಲಿ ಸಂಸ್ಥೆಯ ಪತ್ರ. ಆಡಿಯೇ ಇಲ್ಲದ ಒಂದು ವರ್ಷದ ಹಾಕಿ ಶುಲ್ಕ, ಅದರ ಮೇಲೆ ವಸೂಲಿ ವೆಚ್ಚ. ಕ್ಲಬ್ ಬಿಡುತ್ತೇನೆ ಎಂದು ಗಡುವಿಗೆ ಮುಂಚೆ ಬರೆದು ತಿಳಿಸದವರಿಗೆ ಬರುವುದು ಇದೇ. ನಾನು ನೋಡಿದ ಇಂಥ ಪತ್ರಗಳಲ್ಲಿ ಅದು ಮೂರನೆಯದು. ಮೊದಲನೆಯ ಪತ್ರ ಬಂದಿದ್ದು ನನಗೇ. ನಮ್ಮ ಜಿಲ್ಲೆಯ ಇನ್ನೊಬ್ಬರು ಹೀಗೆ ದುಡ್ಡು ಕಳೆದುಕೊಳ್ಳಬಾರದು, ಅದಕ್ಕಿಂತ ಹೆಚ್ಚಾಗಿ ಇದರಿಂದ ಬೇಸತ್ತು ಸ್ಟಿಕ್ ಮೂಲೆಗಿಡಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ವೀಸಾ, ಬಾಡಿಗೆ ಮನೆ, ಸೈಕಲ್, ಚಳಿಗೆ ಬೇಕಾದ ಬಟ್ಟೆ, ಇವುಗಳ ಬಗ್ಗೆ ನಿಮಗೆ ಹೇಳುವವರು ಬೇಕಾದಷ್ಟಿದ್ದಾರೆ. ಇಲ್ಲಿಗೆ ಬಂದ ಮೂರನೆಯ ತಿಂಗಳಲ್ಲಿ ಶುರುವಾಗುವ ಒಂಟಿತನದ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಸಹೋದ್ಯೋಗಿಗಳು ಒಳ್ಳೆಯವರೇ. ಆದರೆ ಸಂಜೆ ಐದಕ್ಕೆ ಎದ್ದು ಹೋಗುತ್ತಾರೆ, ಮನೆಗೆ ಕರೆಯಬೇಕೆಂದರೆ ಮೂರು ವಾರ ಮುಂದಿನ ದಿನ ನೋಡುತ್ತಾರೆ. ಬಿಡುವಿದ್ದ ಸಂಜೆ ಹೇಳದೆ ಕೇಳದೆ ನೆಂಟರ ಮನೆಯ ಕಡೆಗೋ ಪಕ್ಕದ ತೋಟದವರ ಜಗಲಿಗೋ ಹೋಗಿ ಕೂರುವ ಅಭ್ಯಾಸವಿದ್ದ ನನಗೆ ಅದು ಬಹಳ ಕಷ್ಟವಾಯಿತು. ಆ ಕಷ್ಟದಿಂದ ನನ್ನನ್ನು ಹೊರತಂದಿದ್ದು ಹಾಕಿ. ನಾವು ಕೊಡಗಿನವರು ಈ ವಿಷಯದಲ್ಲಿ ಅದೃಷ್ಟವಂತರು. ಯುರೋಪಿನ ಬೇರೆ ಎಷ್ಟೋ ದೇಶಗಳಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ ಎಂದುಕೊಳ್ಳುತ್ತಾರೆ. ಈ ದೇಶದಲ್ಲಿ ನಮ್ಮ ಹಾಕಿಯೇ ಹಾಕಿ. ರಾಷ್ಟ್ರೀಯ ಹಾಕಿ ಸಂಸ್ಥೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಸಣ್ಣ ಸಣ್ಣ ಊರುಗಳಲ್ಲೂ ಕೃತಕ ಹುಲ್ಲಿನ ಮೈದಾನವಿದೆ.

ಹಾಗೆಂದು ಸ್ಟಿಕ್ ಹಿಡಿದುಕೊಂಡು ಮೈದಾನಕ್ಕೆ ಹೋದರೆ ಯಾರೂ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ನಾನು ಹಾಗೇ ಹೋಗಿ ಬೇಲಿಯ ಹೊರಗೆ ಒಂದು ಗಂಟೆ ನಿಂತು ಹಿಂದಿರುಗಿದ್ದೆ. ಇಲ್ಲಿ ಎಲ್ಲವೂ ಕ್ಲಬ್‌ನ ಮೂಲಕ, ಕ್ಲಬ್‌ನಲ್ಲಿ ಎಲ್ಲವೂ ತಂಡದ ಮೂಲಕ. ದೊಡ್ಡ ನಗರಗಳ ಕ್ಲಬ್‌ಗಳಲ್ಲಿ ಕಾಯುವವರ ಪಟ್ಟಿಯೇ ಉದ್ದವಾಗಿರುತ್ತದೆ. ಮೇಲಿನ ತಂಡಗಳಿಗೆ ಆಯ್ಕೆ ನಡೆಯುತ್ತದೆ. ಕೆಳಗಿನ ತಂಡಗಳು ಬಹುತೇಕ ಗೆಳೆಯರ ತಂಡಗಳು, ಎಂಟು ವರ್ಷದ ಮಕ್ಕಳಾಗಿದ್ದಾಗಿನಿಂದ ಜೊತೆಗೆ ಆಡಿದವರು. ಅವರ ನಡುವೆ ಜಾಗ ಸಿಗುವುದು ಸುಲಭವಲ್ಲ. ನನಗೆ ತೆರೆದ ಬಾಗಿಲು ಟ್ರಿಮ್ ಹಾಕಿ. ವಾರದಲ್ಲಿ ಒಂದು ಸಂಜೆ, ಗಂಡಸರು ಹೆಂಗಸರು ಒಟ್ಟಾಗಿ, ಲೀಗ್ ಇಲ್ಲದೆ, ತಮ್ಮ ತಮ್ಮಲ್ಲೇ ತಂಡ ಹಂಚಿಕೊಂಡು ಆಡುತ್ತಾರೆ. ಶುಲ್ಕವೂ ಕಡಿಮೆ. ಮೂವತ್ತು ದಾಟಿದವರಿಗೆ ಶುಕ್ರವಾರ ಸಂಜೆಯ ಹಿರಿಯರ ಲೀಗ್ ಇದೆ. ಗೋಲ್ ಕಾಯಲು ಬರುತ್ತದೆ ಎಂದರೆ ನಿಮ್ಮನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಾರೆ, ಏಕೆಂದರೆ ಕೆಳಗಿನ ತಂಡಗಳಲ್ಲಿ ಗೋಲ್‌ಕೀಪರ್‌ಗಳ ಕೊರತೆ ಸದಾ ಇರುತ್ತದೆ. ಸೆಪ್ಟೆಂಬರ್‌ನಲ್ಲಿ ಶುರುವಾಗುವ ಆಟದ ಋತುವಿನ ತಂಡಗಳು ಬೇಸಿಗೆಗೆ ಮುಂಚೆಯೇ ತೀರ್ಮಾನವಾಗುತ್ತವೆ. ಆದ್ದರಿಂದ ಮಾರ್ಚ್ ಏಪ್ರಿಲ್‌ನಲ್ಲೇ ಕ್ಲಬ್‌ಗೆ ಮಿಂಚಂಚೆ ಬರೆಯಿರಿ, ಒಂದೆರಡು ದಿನ ಜೊತೆಗೆ ಅಭ್ಯಾಸ ಮಾಡಿ ನೋಡಲು ಅವಕಾಶ ಕೇಳಿ.

ಆಟದ ಬಗ್ಗೆ ಎರಡೇ ಮಾತು. ಹಲ್ಲಿನ ರಕ್ಷಾಕವಚ ಮತ್ತು ಮೊಣಕಾಲ ಕೆಳಗಿನ ಪ್ಯಾಡ್ ಇಲ್ಲದೆ ಪಂದ್ಯಕ್ಕೆ ಬಿಡುವುದಿಲ್ಲ. ಮಣ್ಣಿನ ಮೈದಾನದಲ್ಲಿ ನಾವು ಕಲಿತ ಜೋರು ಹೊಡೆತವನ್ನು ಮೊದಲ ತಿಂಗಳು ಬದಿಗಿಟ್ಟು, ಚಿಕ್ಕ ಚಿಕ್ಕ ಪಾಸ್ ಕೊಡುವುದನ್ನು ರೂಢಿಸಿಕೊಳ್ಳಿ. ಕೃತಕ ಹುಲ್ಲಿನಲ್ಲಿ ಚೆಂಡು ನಾವು ಎಣಿಸಿದ್ದಕ್ಕಿಂತ ಬೇಗ ಓಡುತ್ತದೆ, ಎದುರಿಗಿದ್ದವರಿಗೆ ಪೆಟ್ಟಾಗುತ್ತದೆ.

ಈಗ ಆ ಪತ್ರದ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ನಾನು ಮೊದಲು ಇದ್ದದ್ದು ಉಟ್ರೆಕ್ಟ್‌ನಲ್ಲಿ. ಅಲ್ಲಿನ ಒಂದು ಕ್ಲಬ್‌ಗೆ ಸೇರಿ ಒಂದು ಋತು ಪೂರ್ತಿ ಆಡಿದೆ. ಜುಲೈನಲ್ಲಿ ಕೆಲಸ ಐಂಡ್‌ಹೋವನ್‌ಗೆ ಬದಲಾಯಿತು. ನಮ್ಮ ತಂಡದ ನಾಯಕನಿಗೆ ಹೇಳಿದೆ, ಅವನು ಬೇಸರಪಟ್ಟು ಅಪ್ಪಿಕೊಂಡು ಬೀಳ್ಕೊಟ್ಟ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಸೆಪ್ಟೆಂಬರ್‌ನಲ್ಲಿ ನನ್ನ ಖಾತೆಯಿಂದ 420 ಯೂರೊ ಹೋಯಿತು. ಏನೋ ತಪ್ಪಾಗಿದೆ ಎಂದು ಬ್ಯಾಂಕಿನ ಆ್ಯಪ್ ತೆರೆದು ಆ ಹಣವನ್ನು ವಾಪಸು ಪಡೆದೆ. ಖಾತೆಯಿಂದ ತಾನಾಗಿ ಕಡಿತವಾದ ಹಣವನ್ನು ಎಂಟು ವಾರದೊಳಗೆ ಕಾರಣ ಹೇಳದೆಯೇ ಹಿಂಪಡೆಯುವ ಸೌಲಭ್ಯ ಇಲ್ಲಿದೆ. ಹಣ ಮರುದಿನವೇ ಬಂತು. ಇಷ್ಟು ಸುಲಭವಾಗಿ ಬಂದದ್ದರಿಂದ ನ್ಯಾಯ ನನ್ನ ಕಡೆಗಿದೆ ಎಂದು ನಂಬಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಹಣ ಹಿಂಪಡೆದರೆ ಬಾಕಿ ಅಳಿಯುವುದಿಲ್ಲ. ಬ್ಯಾಂಕ್ ಹಣವನ್ನು ಹಿಂತಿರುಗಿಸುತ್ತದೆ ಅಷ್ಟೇ, ನೀವು ಕೊಡಬೇಕೋ ಬೇಡವೋ ಎಂಬುದನ್ನು ಅದು ನೋಡುವುದೇ ಇಲ್ಲ. ಕ್ಲಬ್ ನನಗೆ ನೆನಪೋಲೆ ಕಳುಹಿಸಿತ್ತು. ಹಣ ಕಟ್ಟಲು ಹದಿನಾಲ್ಕು ದಿನ ಕಾಲಾವಕಾಶ ಕೊಟ್ಟ ಮೇಲೆಯೇ ವಸೂಲಿ ವೆಚ್ಚ ಹೇರಬಹುದು ಎಂಬುದು ಇಲ್ಲಿನ ಕಾನೂನು. ಆದರೆ ಆ ಪತ್ರ ಹೋದದ್ದು ಉಟ್ರೆಕ್ಟ್‌ನ ಹಳೆಯ ವಿಳಾಸಕ್ಕೆ. ಪುರಸಭೆಯಲ್ಲಿ ವಿಳಾಸ ಬದಲಿಸಿದ್ದೆ, ಕ್ಲಬ್‌ನಲ್ಲಿ ಬದಲಿಸಿರಲಿಲ್ಲ. ಪುರಸಭೆಗೆ ತಿಳಿಸಿದರೆ ಕ್ಲಬ್‌ಗೆ ತಿಳಿಯುವುದಿಲ್ಲ. ಕೊನೆಗೆ ವಸೂಲಿ ಸಂಸ್ಥೆ ನನ್ನನ್ನು ಹುಡುಕಿಕೊಂಡು ಬಂತು. ಬಾಕಿಯ ಮೊದಲ 2,500 ಯೂರೊವರೆಗೆ ನೂರಕ್ಕೆ ಹದಿನೈದರಂತೆ ವಸೂಲಿ ವೆಚ್ಚ ಹಾಕಬಹುದು, ಬಾಕಿ ಎಷ್ಟೇ ಚಿಕ್ಕದಿದ್ದರೂ ಕನಿಷ್ಠ 40 ಯೂರೊ. ನನ್ನ 420ರ ಮೇಲೆ 63 ಯೂರೊ ಬಿತ್ತು. ಹಣಕ್ಕಿಂತ ಹೆಚ್ಚು ನೋವಾದದ್ದು ಐಂಡ್‌ಹೋವನ್‌ನ ಹೊಸ ಕ್ಲಬ್‌ನಲ್ಲಿ. ಅವರು ಮೊದಲು ಕೇಳಿದ ಪ್ರಶ್ನೆಯೇ ಹಳೆಯ ಕ್ಲಬ್‌ನ ಲೆಕ್ಕ ಚುಕ್ತಾ ಆಗಿದೆಯೇ ಎಂದು. ಅದು ತೀರುವ ಹೊತ್ತಿಗೆ ಶರತ್ಕಾಲದ ಪಂದ್ಯಗಳು ಮುಗಿದಿದ್ದವು. ಹೊಸ ಊರಿನಲ್ಲಿ ಒಬ್ಬ ಗೆಳೆಯನಿಲ್ಲದೆ ಐದು ತಿಂಗಳು ಕಳೆದೆ.

ಇದೇಕೆ ಹೀಗೆ ಎಂದು ಅರ್ಥಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಜಿಮ್‌ಗೆ ಸೇರಿದರೆ ನೀವು ಗಿರಾಕಿ. ಮೊದಲ ಕರಾರಿನ ಅವಧಿ ಮುಗಿದ ಮೇಲೆ ಒಂದು ತಿಂಗಳ ಮುನ್ಸೂಚನೆ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ನಾನು ಜಿಮ್ ಬಿಟ್ಟಿದ್ದೂ ಹಾಗೆಯೇ, ಹಾಕಿಯೂ ಹಾಗೆಯೇ ಎಂದುಕೊಂಡಿದ್ದೆ. ಆದರೆ ಹಾಕಿ ಕ್ಲಬ್ ಅಂಗಡಿಯಲ್ಲ, ಸದಸ್ಯರೇ ಒಡೆಯರಾಗಿರುವ ಸಂಘ. ಸಂಘಗಳಿಗೆ ಬೇರೆಯೇ ನಿಯಮ. ಸದಸ್ಯತ್ವ ತಾನಾಗಿ ಮುಂದುವರಿಯುತ್ತದೆ, ಬಿಡುವುದಾದರೆ ಸಂಘದ ನಿಯಮಾವಳಿಯಲ್ಲಿ ಬರೆದ ದಿನಾಂಕಕ್ಕೆ ಮುಂಚೆ, ಬರವಣಿಗೆಯಲ್ಲಿ ತಿಳಿಸಬೇಕು. ಬಹಳಷ್ಟು ಹಾಕಿ ಕ್ಲಬ್‌ಗಳ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಬಿಡುವವರು ತಿಳಿಸಬೇಕಾದ ಗಡುವು ಕೆಲವು ಕಡೆ ಮೇ 1, ಕೆಲವು ಕಡೆ ಜೂನ್ 1, ಒಂದೊಂದು ಕ್ಲಬ್‌ಗೆ ಒಂದೊಂದು ದಿನ. ಆ ದಿನ ದಾಟಿದರೆ ಮುಂದಿನ ಇಡೀ ವರ್ಷದ ಶುಲ್ಕ ನಿಮ್ಮದು. ಗಾಯವಾಗಿದ್ದರೆ ಅಥವಾ ದೂರದ ಊರಿಗೆ ಹೋದರೆ ಕೆಲವು ಕ್ಲಬ್‌ಗಳ ಆಡಳಿತ ಮಂಡಳಿ ರಿಯಾಯಿತಿ ಕೊಡುತ್ತದೆ, ಆದರೆ ಅದು ಅವರ ದೊಡ್ಡತನ, ನಿಮ್ಮ ಹಕ್ಕಲ್ಲ.

ನಮ್ಮವರೇ ಇದರಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳಲು ಒಂದು ಕಾರಣವಿದೆ. ಏಪ್ರಿಲ್ ಮೇ ತಿಂಗಳಲ್ಲಿ ನಾವು ಇಲ್ಲಿರುವುದೇ ಇಲ್ಲ. ಕೊಡವ ಕುಟುಂಬಗಳ ನಡುವಿನ ಪಂದ್ಯಾವಳಿಯಾದ ಕೊಡವ ಕೌಟುಂಬಿಕ ಹಾಕಿ ನಡೆಯುವುದು ಆಗ, ಮದುವೆಗಳು ಆಗ, ಮಕ್ಕಳಿಗೆ ಶಾಲೆಯಿಂದ ಬಿಡುವು ಸಿಗುವುದೂ ಆಗ. ಪೊನ್ನಂಪೇಟೆಯ ಹುಡುಗನಿಗೆ ಕ್ಲಬ್‌ನ ಮಿಂಚಂಚೆ ಬಂದಾಗ ಅವನು ಊರಿನಲ್ಲಿ ತನ್ನ ಒಕ್ಕದ, ಅಂದರೆ ಮನೆತನದ, ತಂಡಕ್ಕೆ ಆಡುತ್ತಿದ್ದ. ಡಚ್ ಭಾಷೆಯ ಆ ಸುದ್ದಿಪತ್ರದ ಕೊನೆಯಲ್ಲಿ ಎರಡು ಸಾಲಿನಲ್ಲಿ ಗಡುವಿನ ವಿಷಯವಿತ್ತು, ಅವನು ತೆರೆದೇ ನೋಡಿರಲಿಲ್ಲ. ಅದಕ್ಕೂ ಮುಂಚೆ ಸೋಮವಾರಪೇಟೆ ಕಡೆಯ ದಂಪತಿಗೂ ಹೀಗೇ ಆಗಿತ್ತು, ಅವರದು ಇಬ್ಬರ ಶುಲ್ಕ ಹೋಯಿತು.

ಆದ್ದರಿಂದ ಮೂರು ಕೆಲಸ ಮರೆಯಬೇಡಿ. ಸೇರಿದ ದಿನವೇ ಕ್ಲಬ್‌ನ ಜಾಲತಾಣದಲ್ಲಿ ಸದಸ್ಯತ್ವ ಬಿಡುವ ನಿಯಮವಿರುವ ಪುಟ ಹುಡುಕಿ, ಗಡುವಿನ ದಿನವನ್ನು ಮೊಬೈಲಿನಲ್ಲಿ ಪ್ರತಿ ವರ್ಷ ನೆನಪಿಸುವಂತೆ ಗುರುತು ಹಾಕಿಕೊಳ್ಳಿ. ಊರಿಗೆ ಟಿಕೆಟ್ ಮಾಡಿಸುವಾಗಲೇ ಮುಂದಿನ ವರ್ಷ ಆಡುತ್ತೇನೆಯೇ, ಇದೇ ಊರಿನಲ್ಲಿರುತ್ತೇನೆಯೇ ಎಂದು ಯೋಚಿಸಿ. ಬಿಡುವುದಾದರೆ ತಂಡದ ನಾಯಕನಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದರೂ ಸಾಲದು. ಸದಸ್ಯತ್ವ ನೋಡಿಕೊಳ್ಳುವವರಿಗೆ ಬರೆದು, ತಲುಪಿದೆ ಎಂಬ ಉತ್ತರ ಬರುವವರೆಗೆ ಬಿಡಬೇಡಿ. ಆ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಹಣ ಕಟ್ಟಿದ ಮಾತ್ರಕ್ಕೆ ಸದಸ್ಯರಾದ ಹಾಗಲ್ಲ ಎಂಬುದನ್ನೂ ಹೇಳಬೇಕು. ಕ್ಲಬ್‌ನಲ್ಲಿ ಸಂಬಳದವರು ತೀರ ಕಡಿಮೆ. ಕ್ಯಾಂಟೀನಿನ ಬಾರ್ ನೋಡಿಕೊಳ್ಳುವುದು, ಬೇರೆ ತಂಡದ ಪಂದ್ಯಕ್ಕೆ ಅಂಪೈರ್ ಆಗುವುದು, ಮಕ್ಕಳ ತಂಡವನ್ನು ಕಾರಿನಲ್ಲಿ ಇನ್ನೊಂದು ಊರಿಗೆ ಕರೆದೊಯ್ಯುವುದು, ಎಲ್ಲವನ್ನೂ ಸದಸ್ಯರೇ ಸರದಿಯಂತೆ ಮಾಡುತ್ತಾರೆ. ಸರದಿ ತಪ್ಪಿಸಿದರೆ ದಂಡ ಹಾಕುವ ಕ್ಲಬ್‌ಗಳಿವೆ, ದುಡ್ಡು ಕೊಟ್ಟು ಸರದಿಯಿಂದ ಬಿಡಿಸಿಕೊಳ್ಳಲು ಅವಕಾಶವಿರುವ ಕ್ಲಬ್‌ಗಳೂ ಇವೆ. ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಡಿ. ನಾನು ಒಂದು ವರ್ಷ ಹಾಗೆ ಮಾಡಿ, ಆ ವರ್ಷವಿಡೀ ತಂಡದಲ್ಲಿ ಹೊರಗಿನವನಾಗಿಯೇ ಉಳಿದೆ. ಆಟದ ಎಪ್ಪತ್ತು ನಿಮಿಷದಲ್ಲಿ ಯಾರೂ ಮಾತನಾಡುವುದಿಲ್ಲ. ಆಟದ ನಂತರ ಕ್ಯಾಂಟೀನಿನಲ್ಲಿ ಕೂರುವುದನ್ನು ಇವರು ಮೂರನೆಯ ಅರ್ಧ ಎನ್ನುತ್ತಾರೆ, ಗೆಳೆತನ ಹುಟ್ಟುವುದು ಅಲ್ಲಿ. ಸ್ನಾನ ಮುಗಿಸಿ ಮನೆಗೆ ಓಡಬೇಡಿ. ಬಿಯರ್ ಕುಡಿಯದಿದ್ದರೆ ಚಹಾ ತೆಗೆದುಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ, ಆದರೆ ನಿಮ್ಮ ಸರದಿ ಬಂದಾಗ ಎಲ್ಲರಿಗೂ ಒಂದು ಸುತ್ತು ಕೊಡಿಸಿ. ಕುಡಿಯುವುದರ ಜೊತೆಗೆ ಬರುವ ಬಿಟರ್‌ಬಾಲೆನ್ ಎಂಬ ಕರಿದ ಉಂಡೆಯಲ್ಲಿ ಸಾಮಾನ್ಯವಾಗಿ ದನದ ಮಾಂಸವಿರುತ್ತದೆ, ತಿನ್ನದವರು ಮೊದಲೇ ಕೇಳಿಕೊಳ್ಳಿ. ಬಾರ್‌ನಲ್ಲಿ ಮದ್ಯ ಕೊಡುವ ಸರದಿಗೆ ನಿಲ್ಲುವ ಮುನ್ನ ಒಂದು ಚಿಕ್ಕ ತರಬೇತಿ ಮುಗಿಸಬೇಕು, ಅಂತರ್ಜಾಲದಲ್ಲೇ ಮುಗಿಯುತ್ತದೆ.

ಬಾರ್ ಸರದಿಯಲ್ಲೇ ನನಗೆ ಇಲ್ಲಿನ ಅತ್ಯಂತ ಆಪ್ತ ಗೆಳೆಯ ಸಿಕ್ಕಿದ್ದು. ಎಪ್ಪತ್ತು ದಾಟಿದ ಹಿರಿಯರು, ನನ್ನ ಜೊತೆ ಲೋಟ ತೊಳೆಯುತ್ತಿದ್ದರು. ನೀವು ಭಾರತದ ಯಾವ ಭಾಗದವರು ಎಂದು ಕೇಳಿದರು. ಕೊಡಗು ಎಂದರೆ ಅವರಿಗೆ ತಿಳಿಯಲಿಲ್ಲ. 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದ ಎಂ. ಪಿ. ಗಣೇಶ್ ನಮ್ಮ ಜಿಲ್ಲೆಯವರು ಎಂದೆ. ಅವರು ಲೋಟ ಕೆಳಗಿಟ್ಟರು. ಆಮ್‌ಸ್ಟೆಲ್‌ವೇನ್‌ನ ವಾಗೆನರ್ ಕ್ರೀಡಾಂಗಣದಲ್ಲಿ ಆ ಫೈನಲ್ ನಡೆದಾಗ ಹುಡುಗನಾಗಿದ್ದ ಅವರು ಅಲ್ಲಿದ್ದರಂತೆ. ಭಾರತ ಎರಡು ಗೋಲು ಮುಂದಿತ್ತು, ನೆದರ್ಲೆಂಡ್ಸ್ ತಂಡದವರು ಎರಡೆರಡು ಸಮ ಮಾಡಿಕೊಂಡು ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಗೆದ್ದರು. ಆ ದಿನ ಭಾರತವೇ ಚೆನ್ನಾಗಿ ಆಡಿತ್ತು ಎಂದು ಅವರು ಹೇಳಿದಾಗ ನನ್ನ ಕಣ್ಣು ಮಂಜಾಯಿತು. ಮುಂದಿನ ಭಾನುವಾರ ಅವರ ಮನೆಯಲ್ಲಿ ಊಟ. ಮೂರು ವಾರ ಕಾಯಬೇಕಾಗಲಿಲ್ಲ.

ನಮ್ಮ ಕೌಟುಂಬಿಕ ಹಾಕಿ, ಇಲ್ಲಿನ ಕ್ಲಬ್ ಹಾಕಿ, ಈ ಎರಡು ವ್ಯವಸ್ಥೆಗಳಲ್ಲಿ ಯಾವುದು ಮೇಲು ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡ ಗ್ರಾಮದಲ್ಲಿ ಅರವತ್ತು ಕುಟುಂಬಗಳಿಂದ ಶುರುಮಾಡಿದ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆದಿದೆ. ಅಜ್ಜ, ಮೊಮ್ಮಗಳು, ಸೊಸೆ ಒಂದೇ ತಂಡದಲ್ಲಿ ಆಡುವ ಆ ಸಂತೋಷ ಇಲ್ಲಿನ ಯಾವ ಕ್ಲಬ್‌ನಲ್ಲೂ ಇಲ್ಲ. ಒಕ್ಕದಲ್ಲಿ ಹುಟ್ಟಿದರೆ ಸಾಕು, ಜಾಗ ನಿಮ್ಮದು. ಅರ್ಜಿ ಬೇಡ, ಗಡುವೂ ಇಲ್ಲ. ಆದರೆ ಮೊದಲ ದಿನ ಸೋತವರು ಮುಂದಿನ ವರ್ಷದವರೆಗೆ ಸ್ಟಿಕ್ ಅಟ್ಟಕ್ಕೆ ಏರಿಸಬೇಕಲ್ಲ ಎಂಬ ನೋವು ನನಗಿದೆ. ಇಲ್ಲಿ ಕಟ್ಟಕಡೆಯ ತಂಡ ಹತ್ತು ಗೋಲಿನಿಂದ ಸೋತರೂ ಮುಂದಿನ ಭಾನುವಾರ ಅದಕ್ಕೆ ಮತ್ತೆ ಪಂದ್ಯವಿರುತ್ತದೆ, ಅದೇ ಒಳ್ಳೆಯ ಮೈದಾನದಲ್ಲಿ. ವರ್ಷವಿಡೀ ಎಲ್ಲರಿಗೂ ಆಟ ಸಿಗುವ ಈ ವ್ಯವಸ್ಥೆ ನಮ್ಮ ಹೋಬಳಿಗಳಿಗೂ ಬರಬೇಕು. ನಾನು ಊರಿನಲ್ಲಿ ಇದನ್ನು ಹೇಳಿ ಹಿರಿಯರಿಂದ ಬೈಸಿಕೊಂಡಿದ್ದೇನೆ, ಮತ್ತೆ ಹೇಳುತ್ತೇನೆ.

ಪೊನ್ನಂಪೇಟೆಯ ಹುಡುಗನ ಬಾಕಿಯನ್ನು ಕೊನೆಗೆ ಕಂತುಗಳಲ್ಲಿ ಕಟ್ಟಲು ಒಪ್ಪಿಸಿದೆವು. ಈಗ ಅವನು ನಮ್ಮ ಕ್ಲಬ್‌ನ ಟ್ರಿಮ್ ಗುಂಪಿನಲ್ಲಿದ್ದಾನೆ, ಕಳೆದ ವಾರ ಮೊದಲ ಬಾರ್ ಸರದಿ ಮುಗಿಸಿದ. ಏಪ್ರಿಲ್ ಎರಡನೆಯ ವಾರ ಊರಿಗೆ ಹೊರಡುತ್ತಾನಂತೆ. ನಮ್ಮ ಕ್ಲಬ್‌ನ ಗಡುವು ಮೇ 1. ಅವನಿಗೆ ನಾನು ಮಾರ್ಚ್ ಕೊನೆಯಲ್ಲೇ ಫೋನ್ ಮಾಡುತ್ತೇನೆ.