ಜನ ತಾವಾಗಿ ಹಂಚುವ ಪ್ರಚಾರ: ಅಂಗಡಿಯವರು ಮಾಡಿಕೊಳ್ಳುವುದು ಹೇಗೆ?

ಚೌತಿಯ ದಿನ ಬೆಳಿಗ್ಗೆ ಕರಾವಳಿಯ ಯಾವ ವಾಟ್ಸ್‌ಆ್ಯಪ್ ಗುಂಪನ್ನು ತೆರೆದರೂ ಒಂದೇ ಬಗೆಯ ಚಿತ್ರಗಳು ಸಾಲುಗಟ್ಟಿರುತ್ತವೆ: ಮೇಲೊಂದು ಗಣಪತಿ, ಕೆಳಗೆ ಅಂಗಡಿಯ ಹೆಸರು, ಪಕ್ಕದಲ್ಲಿ ಕೈಮುಗಿದು ನಿಂತ ಮಾಲೀಕರು, ಅಂಚಿನಲ್ಲಿ ಮೂರು ಫೋನ್ ನಂಬರುಗಳು. ಹಾಕಿದವರನ್ನು ಬಿಟ್ಟರೆ ಬೇರೆ ಯಾರೂ ಇವನ್ನು ಮುಂದಕ್ಕೆ ಕಳುಹಿಸುವುದಿಲ್ಲ. ಮಂಗಳೂರು ಮತ್ತು ಉಡುಪಿಯ ಅನೇಕ ಸಣ್ಣ ವ್ಯಾಪಾರಿಗಳು ಇದನ್ನೇ ಪ್ರಚಾರವೆಂದು ನಂಬಿ, ಡಿಟಿಪಿ ಅಂಗಡಿಗೆ ಪ್ರತಿ ಹಬ್ಬಕ್ಕೂ ಹಣ ಕೊಡುತ್ತ ಬಂದಿರುವುದನ್ನು ನೋಡಿದ್ದರಿಂದಲೇ ಈ ಲೇಖನವನ್ನು ಬರೆಯಬೇಕಾಯಿತು. ಜನರು ತಾವಾಗಿಯೇ ಇನ್ನೊಬ್ಬರಿಗೆ ಕಳುಹಿಸುವಂಥ ಸಾಮಗ್ರಿಯನ್ನು ಸಿದ್ಧಪಡಿಸಲು ದೊಡ್ಡ ಬಂಡವಾಳವೇನೂ ಬೇಡ. ಆದರೆ ಒಂದು ಕ್ರಮ ಬೇಕು, ಮತ್ತು ಆ ಕ್ರಮದಲ್ಲಿ ಎರಡನೆಯ ಹಂತವನ್ನು ಹಾರಿಸುವಂತಿಲ್ಲ.

ಹಂತ 1: ಪ್ರಶ್ನೆಗಳನ್ನು ಬರೆದಿಡಿ

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಒಂದು ವಾರ ಗ್ರಾಹಕರು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. "ಇದು ಮಟ್ಟುವಿನ ಗುಳ್ಳವೇ ಹೌದಾ?" (ಉಡುಪಿ ಬಳಿಯ ಮಟ್ಟು ಊರಿನ ಬದನೆ), "ಈ ಹಪ್ಪಳ ಮಳೆಗಾಲ ಮುಗಿಯುವ ತನಕ ಉಳಿಯುತ್ತದಾ?" ಎಂಬಂಥ ಮಾತುಗಳೇ ನಿಮ್ಮ ಕಚ್ಚಾ ಸಾಮಗ್ರಿ. ಈ ಹಂತದಲ್ಲಿ ಇದಕ್ಕಿಂತ ಹೆಚ್ಚಿನ ಕೆಲಸವಿಲ್ಲ.

ಹಂತ 2: ಯಾರು, ಯಾರಿಗೆ, ಏನೆಂದು ಹೇಳಿ ಕಳುಹಿಸುತ್ತಾರೆ?

ಬಹುತೇಕರು ಎಡವುವುದು ಇಲ್ಲಿ. ಅಂಗಡಿಯವರು ತಮ್ಮ ಸರಕಿನ ಬಗ್ಗೆ ತಾವು ಹೇಳಬೇಕಾದ್ದನ್ನು ಬರೆಯುತ್ತಾರೆಯೇ ಹೊರತು, ಅದನ್ನು ಕಳುಹಿಸುವ ವ್ಯಕ್ತಿಗೆ ಅದರಿಂದ ಏನು ಸಿಗುತ್ತದೆ ಎಂದು ಯೋಚಿಸುವುದಿಲ್ಲ. ಯಾರೂ ನಿಮ್ಮ ಅಂಗಡಿಯ ಉದ್ಧಾರಕ್ಕಾಗಿ ಏನನ್ನೂ ಹಂಚುವುದಿಲ್ಲ. ಕಳುಹಿಸುವವರಿಗೆ ತಮ್ಮವರಿಗೆ ಉಪಕಾರ ಮಾಡಿದ ಸಮಾಧಾನವಾಗಲಿ, ಮಾತಿಗೊಂದು ವಿಷಯವಾಗಲಿ, ತಮ್ಮ ಊರಿನ ಬಗೆಗಿನ ಹೆಮ್ಮೆಯಾಗಲಿ ಸಿಗಬೇಕು.

ಒಂದು ಕಾಗದದ ಮೇಲೆ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಕಳುಹಿಸುವವರು, ಎರಡನೆಯದರಲ್ಲಿ ಪಡೆಯುವವರು, ಮೂರನೆಯದರಲ್ಲಿ ಕಳುಹಿಸುವಾಗ ಅವರು ಜೊತೆಗೆ ಟೈಪ್ ಮಾಡುವ ಮಾತು. ಉದಾಹರಣೆಗೆ ಹಲಸಿನ ಹಪ್ಪಳ ಮಾಡಿ ಮಾರುವ ಉಡುಪಿಯ ಮನೆಯೊಂದನ್ನು ಇಟ್ಟುಕೊಳ್ಳೋಣ. "ಶುದ್ಧ, ರುಚಿಕರ, ಮನೆಯಲ್ಲೇ ತಯಾರಿಸಿದ ಹಲಸಿನ ಹಪ್ಪಳ ದೊರೆಯುತ್ತದೆ" ಎಂದು ಬರೆದರೆ ಮೂರು ಕಾಲಂಗಳೂ ಖಾಲಿ ಉಳಿಯುತ್ತವೆ, ಏಕೆಂದರೆ ಅದನ್ನು ಯಾರೂ ಯಾರಿಗೂ ಏನೂ ಹೇಳಿ ಕಳುಹಿಸಲಾರರು. ಈಗ ನೋಟ್‌ಬುಕ್ಕಿನ ಪ್ರಶ್ನೆಗೆ ಬನ್ನಿ. ಹಪ್ಪಳ ಮಳೆಗಾಲದಲ್ಲಿ ಉಳಿಯುತ್ತದೆಯೇ ಎಂದು ಕೇಳಿದವರು ಯಾರು? ಬೆಂಗಳೂರಿನಲ್ಲಿರುವ ಮಗಳಿಗೆ ಕಟ್ಟು ಕಳುಹಿಸುವ ತಾಯಿ. ಹಾಗಾದರೆ ಬರೆಯಬೇಕಾದದ್ದು ಹಪ್ಪಳದ ಹೊಗಳಿಕೆಯಲ್ಲ, ಹಪ್ಪಳವನ್ನು ಮೆತ್ತಗಾಗದಂತೆ ಇಡುವ ಕ್ರಮ: ಬಿಸಿಲಿನಿಂದ ತೆಗೆದ ಹಪ್ಪಳ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಬೇಕು, ಮುರಿದಾಗ ಟಪ್ ಎಂದು ಸದ್ದಾಗದೆ ಬಾಗಿದರೆ ಮತ್ತೊಂದು ಬಿಸಿಲು ಕಾಣಿಸಬೇಕು, ಡಬ್ಬಿಯೊಳಗೆ ಒದ್ದೆ ಕೈ ಹಾಕಬಾರದು, ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆದು ಮುಚ್ಚಳ ಬಿಗಿ ಮಾಡಬೇಕು. ಇಷ್ಟನ್ನು ಒಂದು ಚಿತ್ರದಲ್ಲಿ ಬರೆದರೆ ಮೂರನೆಯ ಕಾಲಂ ತಾನಾಗಿ ತುಂಬುತ್ತದೆ: "ನೀನು ಡಬ್ಬಿಯ ಮುಚ್ಚಳ ಸರಿ ಹಾಕುದಿಲ್ಲ, ಇದನ್ನು ಒಮ್ಮೆ ಓದು." ಅಂಗಡಿಯ ಹೆಸರು ಚಿತ್ರದ ಕೆಳಗೆ ಒಂದು ಸಾಲಿನಲ್ಲಿದ್ದರೆ ಸಾಕು. ಓದಿ ಉಪಯೋಗವಾದವರು ಅದನ್ನು ಹುಡುಕಿಯೇ ಹುಡುಕುತ್ತಾರೆ.

ಉಪಯೋಗಕ್ಕೆ ಬರುವ ವಿಷಯ ಅಲಂಕಾರವಿಲ್ಲದೆ ಹೇಗೆ ಓಡುತ್ತದೆ ಎಂಬುದಕ್ಕೆ ಶಂಕರಪುರದ ಮಲ್ಲಿಗೆಯ ದರವೇ ಸಾಕ್ಷಿ. ಸುಮಾರು 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ದಿನವೂ ನಿಗದಿಯಾಗುವ ಅಟ್ಟೆಯ ದರ, ಬೆಳೆಗಾರರಿಂದ ಕಟ್ಟೆಗೆ (ಹೂವಿನ ವ್ಯಾಪಾರದ ಕೇಂದ್ರಕ್ಕೆ), ಕಟ್ಟೆಯಿಂದ ಹೂವಿನ ಅಂಗಡಿಗೆ, ಅಲ್ಲಿಂದ ಮದುವೆಮನೆಗೆ ಫೋನಿನಿಂದ ಫೋನಿಗೆ ಹೋಗುತ್ತದೆ. ಅದರಲ್ಲಿ ಬಣ್ಣವೂ ಇಲ್ಲ, ಸಂಗೀತವೂ ಇಲ್ಲ. ಒಂದು ಸಂಖ್ಯೆ ಮಾತ್ರ ಇದೆ, ಮತ್ತು ಆ ಸಂಖ್ಯೆ ಇವರೆಲ್ಲರಿಗೂ ಬೇಕಾಗಿದೆ. ಹೂವಿನ ಅಂಗಡಿಯವರು ಇದರ ಜೊತೆಗೆ, ಮದುವೆಗೆ ಎಷ್ಟು ಮಂದಿಗೆ ಎಷ್ಟು ಅಟ್ಟೆ ಹೇಳಿಡಬೇಕೆಂಬ ಒಂದು ಪಟ್ಟಿಯನ್ನು ಮಾಡಿ ಕೊಟ್ಟರೆ, ಮದುವೆ ನಿಶ್ಚಯವಾದ ಪ್ರತಿ ಮನೆಯಲ್ಲೂ ಅದು ತಿರುಗುತ್ತದೆ.

ಉಪಯೋಗದ ನಂತರದ ಕಾರಣ ಬೆರಗು. ಇದಕ್ಕೆ ನಮ್ಮೂರಿನದೇ ಉದಾಹರಣೆಯಿದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದ ಸುದ್ದಿ ದೇಶ ದಾಟಿ ಹೋಯಿತು. ಅದನ್ನು ಓಡಿಸಿದ್ದು ಆ ಎರಡು ಸಂಖ್ಯೆಗಳಲ್ಲ. 100 ಮೀಟರಿಗೆ ಲೆಕ್ಕ ಹಾಕಿದರೆ 9.55 ಸೆಕೆಂಡು, ಉಸೇನ್ ಬೋಲ್ಟ್ ಅವರ ವಿಶ್ವದಾಖಲೆ 9.58 ಎಂಬ ಹೋಲಿಕೆ. ಕೋಣಗಳ ಜೊತೆ ಕೆಸರುಗದ್ದೆಯಲ್ಲಿ ಓಡುವುದಕ್ಕೂ ಟ್ರ್ಯಾಕಿನ ಓಟಕ್ಕೂ ಹೋಲಿಕೆ ಸಲ್ಲದು ಎಂದು ಬಲ್ಲವರು ಹೇಳಿದರೂ ಆ ಸಾಲು ನಿಲ್ಲಲಿಲ್ಲ, ಏಕೆಂದರೆ ಅದನ್ನು ಒಂದೇ ಉಸಿರಿನಲ್ಲಿ ಇನ್ನೊಬ್ಬರಿಗೆ ಹೇಳಬಹುದಾಗಿತ್ತು. ನಿಮ್ಮ ಕಸುಬಿನಲ್ಲಿಯೂ ಇಂಥ ಒಂದು ಅಳತೆ ಇದ್ದೇ ಇರುತ್ತದೆ. ಅದನ್ನು ಎಲ್ಲರಿಗೂ ಗೊತ್ತಿರುವ ಇನ್ನೊಂದು ಅಳತೆಯ ಪಕ್ಕದಲ್ಲಿಟ್ಟು ಹೇಳಿ. ಆದರೆ ವ್ಯಾಪಾರದಲ್ಲಿ ಹೋಲಿಕೆ ನಿಜವಾಗಿಯೇ ಇರಬೇಕು, ಸಲ್ಲದ ಹೋಲಿಕೆ ಮಾಡಿದರೆ ಗ್ರಾಹಕರೇ ಕೆಳಗೆ ಬರೆದು ಮರ್ಯಾದೆ ಕಳೆಯುತ್ತಾರೆ.

ಬೆರಗಿನ ಬಲದ ಬಗ್ಗೆ ಅಧ್ಯಯನವೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋನಾ ಬರ್ಗರ್ ಮತ್ತು ಕ್ಯಾಥರಿನ್ ಮಿಲ್ಕ್‌ಮನ್ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸುಮಾರು 7,000 ಬರಹಗಳಲ್ಲಿ ಯಾವುವನ್ನು ಓದುಗರು ಹೆಚ್ಚು ಇಮೇಲ್ ಮಾಡಿದರೆಂದು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದರು. ಬೆರಗು, ಸಿಟ್ಟು, ಆತಂಕ ಹುಟ್ಟಿಸುವ ಬರಹಗಳು ಹೆಚ್ಚು ಹಂಚಿಕೆಯಾದರೆ, ಬರಿಯ ದುಃಖ ಹುಟ್ಟಿಸಿದವು ಕಡಿಮೆ ಹಂಚಿಕೆಯಾದವು. ಇದನ್ನು ಓದಿ ಸಿಟ್ಟನ್ನು ಕೆರಳಿಸಲು ಹೊರಡಬೇಡಿ. ನಮ್ಮ ಕರಾವಳಿಯಲ್ಲಿ ಜಾತಿ, ಧರ್ಮ, ರಾಜಕೀಯ ಸೋಕಿದ ಪ್ರಚಾರ ಬೇಗ ಹಬ್ಬುತ್ತದೆ, ಅಷ್ಟೇ ಬೇಗ ಅಂಗಡಿಯ ಬಾಗಿಲಿಗೂ ಬರುತ್ತದೆ. ದೈವದ ವೇಷವನ್ನು ಸರಕು ಮಾರುವುದಕ್ಕೆ ಬಳಸುವುದಂತೂ ಸರ್ವಥಾ ಬೇಡ. ನಂಬಿದವರಿಗೆ ನೋವಾಗುತ್ತದೆ ಎಂಬ ಒಂದೇ ಕಾರಣ ಸಾಕು.

ಭಾಷೆಯನ್ನೂ ಇದೇ ಹಂತದಲ್ಲಿ ನಿರ್ಧರಿಸಬೇಕು. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಇವುಗಳಲ್ಲಿ ಯಾವುದು ನಿಮ್ಮ ಗ್ರಾಹಕರ ಮನೆಮಾತೋ ಅದರಲ್ಲಿ ತಲೆಬರಹದ ಒಂದು ಸಾಲು ಇರಲಿ, ವಿವರಗಳು ಕನ್ನಡದಲ್ಲಿರಲಿ. ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಮಂಗಳೂರಿನವರು "ವಣಸ್ ಆಂಡಾ?" (ತುಳುವಿನಲ್ಲಿ, ಊಟವಾಯಿತೇ?) ಎಂದು ಆರಂಭವಾಗುವ ಚಿತ್ರವನ್ನು ನೋಡಿದ ಕೂಡಲೇ ತಮ್ಮ ಗುಂಪಿಗೆ ಹಾಕುತ್ತಾರೆ, ಏಕೆಂದರೆ ಅದು ಅಂಗಡಿಯ ಮಾತಿಗಿಂತ ಮೊದಲು ಅವರ ಮನೆಯ ಮಾತು. ಆದರೆ ಆ ಭಾಷೆ ಬಾರದವರು ಅನುವಾದ ತಂತ್ರಾಂಶಕ್ಕೆ ಕೊಟ್ಟು ತಂದ ತುಳು ಸಾಲನ್ನು ದಯವಿಟ್ಟು ಹಾಕಬೇಡಿ. ಮನೆಯ ಹಿರಿಯರೊಬ್ಬರಿಂದ ಹೇಳಿಸಿ, ಅವರು ಹೇಳಿದಂತೆಯೇ ಬರೆದುಕೊಳ್ಳಿ.

ಎಲ್ಲ ಬರೆದಾದ ಮೇಲೆ ಒಂದು ಪರೀಕ್ಷೆ. ನಿಮ್ಮ ಕಸುಬಿಗೆ ಸಂಬಂಧವಿಲ್ಲದ ಒಬ್ಬರಿಗೆ ಆ ಸಾಲನ್ನು ಗಟ್ಟಿಯಾಗಿ ಓದಿ ಹೇಳಿ, "ಇದನ್ನು ನೀವು ಯಾರಿಗೆ ಕಳುಹಿಸುತ್ತೀರಿ?" ಎಂದು ಕೇಳಿ. ಥಟ್ಟನೆ ಒಬ್ಬರ ಹೆಸರು ಬಂದರೆ ಮುಂದಿನ ಹಂತಕ್ಕೆ ಹೋಗಬಹುದು. "ಚೆನ್ನಾಗಿದೆ" ಎಂಬ ಉತ್ತರ ಬಂದರೆ ಅನುತ್ತೀರ್ಣವೆಂದೇ ತಿಳಿದು ಮತ್ತೆ ಮೂರು ಕಾಲಂಗಳ ಮುಂದೆ ಕುಳಿತುಕೊಳ್ಳಿ.

ಹಂತ 3: ಕಾಲ ನೋಡಿ ಹಾಕಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಒಣಮೀನಿನ ಬಗ್ಗೆ, ತುಳುವರ ಮಳೆಗಾಲದ ತಿಂಗಳಾದ ಆಟಿಯಲ್ಲಿ ಪತ್ರೊಡೆಯ ಎಲೆಯ ಬಗ್ಗೆ, ನವರಾತ್ರಿಗೆ ಮುಂಚೆ ಹುಲಿವೇಷದ ಬಣ್ಣವನ್ನು ಚರ್ಮಕ್ಕೆ ತೊಂದರೆಯಾಗದಂತೆ ತೆಗೆಯುವ ಬಗ್ಗೆ ಹೇಳಿದರೆ ಜನ ಕೇಳುತ್ತಾರೆ. ಉಡುಪಿಯ ಲಾಡ್ಜು, ಹೋಟೆಲಿನವರಿಗೆ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ ಪರ್ಯಾಯವಿದೆ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ವಾಹನ ನಿಲ್ಲಿಸುವ ಜಾಗ ಮತ್ತು ಮಠಕ್ಕೆ ನಡೆದು ಹೋಗುವ ದಾರಿಯ ನಕ್ಷೆ ಮಾಡಿ ಹಂಚಿದರೆ ಶುಭಾಶಯದ ಫ್ಲೆಕ್ಸಿಗಿಂತ ಎಷ್ಟೋ ಪಾಲು ಮೇಲು. ಹಬ್ಬದ ದಿನವೇ ಹಾಕಬೇಡಿ, ಒಂದು ವಾರ ಮೊದಲು ಹಾಕಿ.

ಹಂತ 4: ಚಿತ್ರ ಮತ್ತು ಅಕ್ಷರ

ಒಂದು ಚಿತ್ರದಲ್ಲಿ ಒಂದೇ ವಿಷಯವಿರಲಿ. ಫೋನಿನ ಪರದೆ ತುಂಬುವಂತೆ 1080 ಪಿಕ್ಸೆಲ್ ಅಗಲ, 1920 ಪಿಕ್ಸೆಲ್ ಎತ್ತರದ ಅಳತೆಯಲ್ಲಿ ಮಾಡಿಕೊಳ್ಳಿ. ಫೋಟೊ ನಿಮ್ಮ ಅಂಗಡಿಯದೇ ಆಗಿರಬೇಕು, ಹಗಲಿನ ಬೆಳಕಿನಲ್ಲಿ ತೆಗೆದದ್ದಾಗಿರಬೇಕು. ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ (ಊರಿನ ಹೆಸರಿಗೆ ಸಿಗುವ ಜಿಐ ಗುರುತಿನ) ಮಾನ್ಯತೆ ಸಿಕ್ಕಿದೆ ಎಂದು ದೊಡ್ಡದಾಗಿ ಬರೆದು, ಪಕ್ಕದಲ್ಲಿ ಅಂತರ್ಜಾಲದಿಂದ ತೆಗೆದ ನೇರಳೆ ಬದನೆಯ ಚಿತ್ರವನ್ನು ಅಂಟಿಸಿದ ಪೋಸ್ಟರನ್ನು ಕಂಡಿದ್ದೇನೆ. ತಿಳಿಹಸಿರು ಮೈ, ಬಿಳಿ ಗೆರೆ, ತೊಟ್ಟಿನ ಮುಳ್ಳು ಕಾಣುವಂತೆ ನಿಜವಾದ ಗುಳ್ಳವನ್ನು ಹತ್ತಿರದಿಂದ ತೆಗೆದಿದ್ದರೆ ಅದೇ ಹಂಚುವ ವಸ್ತುವಾಗುತ್ತಿತ್ತು.

ಅಕ್ಷರದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹಳೆಯ ಡಿಟಿಪಿ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಫೋನಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಮಾರ್ಪಡುತ್ತದೆ, ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತವೆ. ಎಲ್ಲ ಫೋನುಗಳಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿಸಿ, ಅಂತಿಮ ಚಿತ್ರದಲ್ಲಿ ಪ್ರತಿ ಒತ್ತಕ್ಷರವನ್ನೂ ಬೆರಳಿಟ್ಟು ಓದಿ. ಹಬ್ಬದ ಪೋಸ್ಟರ್ ತಾನೇ ಮಾಡಿಕೊಡುವ ಉಚಿತ ಆ್ಯಪ್‌ಗಳನ್ನು ನಾನಂತೂ ಬಳಸಬೇಡಿ ಎಂದೇ ಹೇಳುತ್ತೇನೆ; ಅದೇ ಚೌಕಟ್ಟಿನಲ್ಲಿ ಎದುರು ಅಂಗಡಿಯವರ ಮುಖವೂ ಬಂದಿರುತ್ತದೆ. ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ ಚಿತ್ರಗಳಲ್ಲಿ ಕನ್ನಡದ ಅಕ್ಷರಗಳು ತಪ್ಪಾಗುವ ಸಾಧ್ಯತೆ ಹೆಚ್ಚು, ನೀರುದೋಸೆಯೂ ಮಸಾಲೆದೋಸೆಯ ಬಣ್ಣಕ್ಕೆ ತಿರುಗಬಹುದು.

ಹಂತ 5: ಬಿಡುಗಡೆ

ಐವತ್ತು ಗುಂಪುಗಳಿಗೆ ಒಮ್ಮೆಲೇ ಎಸೆಯುವುದು ಸುಲಭದ ದಾರಿಯೆಂದು ಕಾಣುತ್ತದೆ, ಆದರೆ ವಾಟ್ಸ್‌ಆ್ಯಪ್ ಆ ದಾರಿಯನ್ನು ಹಿಂದೆಯೇ ಕಿರಿದುಗೊಳಿಸಿದೆ. ಭಾರತದಲ್ಲಿ 2018ರಿಂದ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು. 2020ರ ಏಪ್ರಿಲ್‌ನಿಂದ, ಈಗಾಗಲೇ ಹಲವು ಕೈ ದಾಟಿ ಎರಡು ಬಾಣದ ಗುರುತು ಬಿದ್ದ ಸಂದೇಶವನ್ನು ಒಮ್ಮೆಗೆ ಒಂದು ಕಡೆಗೆ ಮಾತ್ರ ಕಳುಹಿಸಲು ಸಾಧ್ಯ. ಅಂದರೆ ಪ್ರತಿ ಕೈಯೂ ಯೋಚಿಸಿ, ಆರಿಸಿ, ಒಬ್ಬರಿಗಾಗಿ ಕಳುಹಿಸಬೇಕು. ಎರಡನೆಯ ಹಂತದಲ್ಲಿ ಮಾಡಿದ ಕೆಲಸ ಇಲ್ಲಿ ಫಲ ಕೊಡುತ್ತದೆ. ಮೊದಲು ನಿಮ್ಮ ಖಾಯಂ ಗ್ರಾಹಕರಲ್ಲಿ ಆ ಪ್ರಶ್ನೆ ಕೇಳಿದ್ದವರಿಗೇ, "ನೀವು ಅವತ್ತು ಕೇಳಿದ್ದಿರಲ್ಲ" ಎಂದು ಬರೆದು ಒಬ್ಬೊಬ್ಬರಿಗಾಗಿ ಕಳುಹಿಸಿ. ನಂತರ ಸ್ಟೇಟಸ್ ಹಾಕಿ. ಅದು 24 ಗಂಟೆಯಲ್ಲಿ ಮಾಯವಾಗುವುದರಿಂದ ಮರುದಿನ ಮತ್ತೆ ಹಾಕಲು ಸಂಕೋಚ ಬೇಡ. ಸಾವಿರಗಟ್ಟಲೆ ಸಂದೇಶ ಒಮ್ಮೆಗೆ ಕಳುಹಿಸಿಕೊಡುತ್ತೇವೆ, ಫಾಲೋವರ್‌ಗಳನ್ನು ಮಾರುತ್ತೇವೆ ಎಂದು ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಣ ಕೊಟ್ಟು ಕೊಂಡ ಫಾಲೋವರ್ ಹಪ್ಪಳ ಕೊಳ್ಳುವುದಿಲ್ಲ, ಮೇಲಾಗಿ ನಿಮ್ಮ ವ್ಯಾಪಾರದ ನಂಬರೇ ನಿಷೇಧಕ್ಕೊಳಗಾಗಬಹುದು.

ಹಂತ 6: ಕಾನೂನಿನ ಗೆರೆ

ಊಟದ ವಿಡಿಯೊ ಮಾಡುವವರನ್ನು ಕರೆಸಿ ಹಣವನ್ನೋ ಬಿಟ್ಟಿ ಊಟವನ್ನೋ ಕೊಟ್ಟಿದ್ದರೆ, ಅದು ಜಾಹೀರಾತು ಎಂದು ವಿಡಿಯೊದಲ್ಲಿ ಕಾಣುವಂತೆ ಹೇಳಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ ವಿಧಿಸುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಕಷಾಯ, ಎಣ್ಣೆ ಮಾರುವವರು ಕಾಯಿಲೆಗಳ ಹೆಸರು ಹೇಳಿ ಗುಣಪಡಿಸುವ ಭರವಸೆ ಕೊಡುವ ಮುನ್ನ 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯನ್ನು ವಕೀಲರಿಂದ ತಿಳಿದುಕೊಳ್ಳಬೇಕು. ಸಿನಿಮಾ ಹಾಡನ್ನು ಅನುಮತಿಯಿಲ್ಲದೆ ಹಿನ್ನೆಲೆಗೆ ಹಾಕಬೇಡಿ. ಅಂಗಡಿಯಲ್ಲಿ ಎಣ್ಣೆಗೆ ಬಿದ್ದ ಹಪ್ಪಳದ ಸದ್ದು ಅದಕ್ಕಿಂತ ಚೆನ್ನಾಗಿ ಕೇಳುತ್ತದೆ.

ಹಂತ 7: ಲೆಕ್ಕ ಮತ್ತು ದಿನಾಂಕ

ಎಷ್ಟು ಲೈಕ್ ಬಂತು ಎಂಬುದನ್ನು ಮರೆತುಬಿಡಿ. ಇನ್‌ಸ್ಟಾಗ್ರಾಂನ ವ್ಯಾಪಾರ ಖಾತೆಯಲ್ಲಿ ಎಷ್ಟು ಬಾರಿ ಹಂಚಲಾಯಿತು ಎಂಬ ಸಂಖ್ಯೆ ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಆ ಸೌಲಭ್ಯವಿಲ್ಲದ ಕಾರಣ, ಹೊಸ ಗ್ರಾಹಕರು ಬಂದಾಗ "ನಿಮಗೆ ಯಾರು ಕಳುಹಿಸಿದ್ದು?" ಎಂದು ಕೇಳಿ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಂದು ವಾರದಲ್ಲಿ ಯಾರೂ ಬರದಿದ್ದರೆ ಬಣ್ಣವನ್ನಾಗಲಿ ಫೋಟೊವನ್ನಾಗಲಿ ಬದಲಾಯಿಸುವ ಮೊದಲು ತಲೆಬರಹದ ಸಾಲನ್ನು ಬದಲಾಯಿಸಿ ನೋಡಿ. ಬೆಲೆ ಅಥವಾ ರಿಯಾಯಿತಿ ನಮೂದಿಸಿದ್ದರೆ ಅದು ಯಾವ ದಿನಾಂಕದವರೆಗೆ ಎಂಬುದನ್ನು ಚಿತ್ರದ ಮೇಲೆಯೇ ದಪ್ಪ ಅಕ್ಷರದಲ್ಲಿ ಹಾಕಿ, ಚಿತ್ರದ ಜೊತೆ ಟೈಪ್ ಮಾಡಿದ ಪಠ್ಯದಲ್ಲಿ ಹಾಕಿದರೆ ಫಾರ್ವರ್ಡ್ ಆಗುವಾಗ ಉದುರಿಹೋಗಬಹುದು. ಹೀಗೆ ದಿನಾಂಕವಿಲ್ಲದೆ ಬಿಟ್ಟ ರಿಯಾಯಿತಿಯ ಚಿತ್ರವನ್ನು ಮುಂದಿನ ವರ್ಷದ ಚೌತಿಗೂ ಹಿಡಿದುಕೊಂಡು ಬರುವವರಿದ್ದಾರೆ, ಮತ್ತು ಆಗ ಕೌಂಟರಿನಲ್ಲಿ ಉತ್ತರಿಸಬೇಕಾದವರು ನೀವೇ.