ಎಫೆಸ ನಾಲ್ಕನ್ನು ಬರೆದುಕೊಂಡ ವರ್ಷ

ನಮ್ಮ ಕ್ರೈಸ್ತ ಸಭೆಯಲ್ಲಿ ತಿಂಗಳ ಮೊದಲ ರವಿವಾರ ಪ್ರಭುಭೋಜನ ಇರುತ್ತದೆ, ಅಂದರೆ ಯೇಸು ಸ್ವಾಮಿಯ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಅದಕ್ಕೆ ಮೊದಲು ಸಮಾಧಾನ ಹಂಚಿಕೊಳ್ಳುತ್ತೇವೆ, ಅಂದರೆ ಕೈ ಹಿಡಿದು ಒಬ್ಬರಿಗೊಬ್ಬರು ಶಾಂತಿ ಕೋರುತ್ತೇವೆ. ಸಭಾಪಾಲಕರು ಮುಂದಿದ್ದವರಿಗೆ ಕೊಡುತ್ತಾರೆ. ಅವರು ಬಂದು ಬೆಂಚಿನ ತುದಿಯಲ್ಲಿ ಇದ್ದವರಿಗೆ ಕೊಡುತ್ತಾರೆ. ಅಲ್ಲಿಂದ ಅದು ಕೈಯಿಂದ ಕೈಗೆ ಹೋಗುತ್ತದೆ. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗಬೇಕು. ಮೇಲೆ ಇಬ್ಬರೂ ಎಡಗೈ ಮುಚ್ಚಬೇಕು.

ಎರಡು ವರ್ಷ ನಾನು ಈ ಸಮಾಧಾನ ನನ್ನ ಕೈಯಿಂದ ಒಬ್ಬಳ ಕೈಗೆ ಹೋಗದ ಹಾಗೆ ನೋಡಿಕೊಂಡೆ. ಬಾಗಿಲಲ್ಲಿ ನಿಂತು ಅವಳು ಎಲ್ಲಿ ಕೂತಿದ್ದಾಳೆ ಅಂತ ನೋಡುತ್ತಿದ್ದೆ. ಅವಳು ಮೂರನೇ ಬೆಂಚಿನಲ್ಲಿದ್ದರೆ ನಾನು ಎಂಟನೆಯದಕ್ಕೆ ಹೋಗುತ್ತಿದ್ದೆ. ಅವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ.

ಆಗ ನಾನು ಸಂಡೇ ಸ್ಕೂಲಿನಲ್ಲಿ ಪಾಠ ಹೇಳಲು ಶುರುಮಾಡಿ ಹತ್ತೊಂಬತ್ತು ವರ್ಷ ಆಗಿತ್ತು. ಮಹಿಳಾ ಕೂಟದ ಕಾರ್ಯದರ್ಶಿಯೂ ನಾನೇ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿವರೆಗೆ ಕೆಲಸ ಹರಡಿದರು. ನಮ್ಮ ಮನೆತನ ಆ ಹಳೇ ಸಭೆಗಳದ್ದು, ನನ್ನದು ನಾಲ್ಕನೇ ತಲೆಮಾರು. ಸತ್ಯವೇದವನ್ನು, ಅಂದರೆ ಬೈಬಲನ್ನು, ವರ್ಷಕ್ಕೊಮ್ಮೆಯಂತೆ ಮೂರು ಸಲ ಓದಿ ಮುಗಿಸಿದ್ದೆ. ಒಟ್ಟು 1,189 ಅಧ್ಯಾಯ. ದಿನಾ ಮೂರು, ರವಿವಾರ ಐದು ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಓದಿದ್ದಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೆ. ಆತ್ಮಿಕವಾಗಿ ಬೆಳೆದವಳು ಯಾರು ಅಂತ ಸಭೆಯಲ್ಲಿ ಕೇಳಿದ್ದರೆ ನಾಲ್ಕು ಜನ ನನ್ನ ಹೆಸರು ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಜಗಳ ಆದದ್ದು ಅತ್ತೆಯವರ ವಿಷಯಕ್ಕೆ. ಕೊನೆಯ ಮೂರು ವರ್ಷ ಅವರು ಹಾಸಿಗೆ ಹಿಡಿದಿದ್ದರು, ನಮ್ಮ ಮನೆಯಲ್ಲೇ ಇದ್ದರು. ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ರಾತ್ರಿ ಎರಡು ಸಲ ಏಳುವುದು ಎಲ್ಲಾ ನನ್ನ ಪಾಲಿಗೆ. ನೆಗೆಣ್ಣಿ ಅದೇ ಊರಲ್ಲಿದ್ದರೂ ಬಂದದ್ದು ಕಡಿಮೆ. ಮಣ್ಣಿನ ದಿನ ಅವಳು ಜೋರಾಗಿ ಅತ್ತಳು. ನನಗೆ ತಡೆಯಲಾಗಲಿಲ್ಲ. ಬಂಧುಗಳೆಲ್ಲ ಕೂತಿರುವಾಗ, “ಇದ್ದಾಗ ಬೀಗರ ಹಂಗ ಬಂದು ಹೋದಾಕಿ, ಈಗ ಯಾಕ ಅಳ್ತಿ?” ಅಂದೆ. ಅವಳು ಮುಖ ಒರೆಸಿಕೊಂಡು ಎದ್ದು ಹೋದಳು. ಅಲ್ಲಿಗೆ ಮಾತು ನಿಂತಿತು.

ನಾನು ಹೇಳಿದ್ದು ಸುಳ್ಳಲ್ಲವಲ್ಲ ಅನ್ನುವುದೇ ನನ್ನ ಸಮಾಧಾನವಾಗಿತ್ತು. ಯಾರು ಕೇಳಿದರೂ ಆ ಮೂರು ವರ್ಷದ ಲೆಕ್ಕ ಒಪ್ಪಿಸುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ. ಪ್ರಾರ್ಥನೆಯಲ್ಲಿ ಅವಳ ಹೆಸರು ದಿನಾ ಬರುತ್ತಿತ್ತು. “ಕರ್ತನೇ, ಅವಳಿಗೆ ಬುದ್ಧಿ ಕೊಡು, ಅವಳ ತಪ್ಪು ಅವಳಿಗೆ ಕಾಣಲಿ.” ಇಷ್ಟೇ ನನ್ನ ಪ್ರಾರ್ಥನೆ.

ನಮ್ಮ ಸಭೆಯಲ್ಲಿ ಒಬ್ಬ ಹಿರಿಯರಿದ್ದಾರೆ. ನರ್ಸ್ ಆಗಿ ದುಡಿದು ನಿವೃತ್ತರಾದವರು. ನಾವೆಲ್ಲ ಆಂಟಿ ಅನ್ನುತ್ತೇವೆ. ಒಂದು ಸಂಜೆ ಅವರ ಮನೆಯಲ್ಲಿ ಇಬ್ಬರೇ ಪ್ರಾರ್ಥನೆಗೆ ಕೂತಿದ್ದೆವು. ನಾನು ನನ್ನ ಪಾಲಿನದು ಮುಗಿಸಿದೆ. ಅವರು ಕಣ್ಣು ತೆರೆದು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. “ನೀ ದೇವರ ಮುಂದ ಪ್ರಾರ್ಥನಿ ಮಾಡಾಕತ್ತಿಯೋ, ಆಕಿ ಮ್ಯಾಲೆ ಕಂಪ್ಲೇಂಟ್ ಬರಸಾಕತ್ತಿಯೋ?” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮೈಯೆಲ್ಲ ಬಿಸಿಯಾಯಿತು.

ಚಹಾ ಮಾಡುತ್ತಾ ಇನ್ನೊಂದು ಮಾತು ಹೇಳಿದರು. “ಆಳದ ಗಾಯ ಮ್ಯಾಲೆ ಮುಚ್ಚಿಬಿಟ್ರ ಒಳಗ ಕೀವು ಆಗ್ತದವಾ. ಅದು ತಳದಿಂದ ತುಂಬ್ಕೋತ ಬರಬೇಕು. ಅಲ್ಲೀ ತನಕ ದಿನಾ ಬಟ್ಟಿ ತಗೀಬೇಕು, ತೊಳೀಬೇಕು, ಮತ್ತ ತುಂಬಬೇಕು. ಪೇಶಂಟ್ ಒದರತಾನ. ಒದರಲಿ.”

ಆ ವಾರವೇ ನನ್ನ ವರ್ಷದ ಓದು ನಿಲ್ಲಿಸಿದೆ. ಗುರುತು ಹಾಕುವುದನ್ನೂ ಬಿಟ್ಟೆ. ನೂರು ಪುಟದ ಒಂದು ನೋಟ್‌ಬುಕ್ ತಂದು, ಸತ್ಯವೇದದಲ್ಲಿ ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ತೆಗೆದೆ. ಅದರಲ್ಲಿ 32 ವಚನ. ದಿನಕ್ಕೆ ಒಂದೇ ವಚನ ಕೈಯಾರೆ ಬರೆಯುವುದು, ಕೆಳಗೆ ಅವತ್ತು ಮನಸ್ಸಿಗೆ ಬಂದದ್ದು ಬರೆಯುವುದು. ಬೆಳಗ್ಗೆ ಐದೂವರೆಗೆ, ಒಲೆ ಹಚ್ಚುವ ಮೊದಲು. ಆ ಹೊತ್ತಿಗೆ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಇನ್ನೂ ಶುರುವಾಗಿರುವುದಿಲ್ಲ.

ಈ ಅಧ್ಯಾಯವನ್ನೇ ಯಾಕೆ ಆರಿಸಿದೆ ಅಂದರೆ, ಬೆಳೆಯುವುದರ ಬಗ್ಗೆ ಮಕ್ಕಳಿಗೆ ನಾನು ಕಲಿಸುತ್ತಿದ್ದದ್ದು ಇದರಿಂದಲೇ. 13ನೇ ವಚನ ಕ್ರಿಸ್ತನ ಮಟ್ಟಕ್ಕೆ ಬೆಳೆಯುವ ಮಾತು ಹೇಳುತ್ತದೆ. 14ನೆಯದು ಗಾಳಿಗೆ, ತೆರೆಗೆ ಸಿಕ್ಕಿ ಅತ್ತಿತ್ತ ಹೊಯ್ದಾಡುವ ಕೂಸುಗಳಾಗಿರಬೇಡಿ ಅನ್ನುತ್ತದೆ. ಅಲ್ಲಿವರೆಗೆ ಕಲಿಸಿ ನಿಲ್ಲಿಸುತ್ತಿದ್ದೆ. ಬರೆಯುತ್ತಾ ಹೋದಾಗ ಗೊತ್ತಾಯಿತು, ಪೌಲನು ಅಲ್ಲಿ ನಿಲ್ಲುವುದಿಲ್ಲ. ಅಷ್ಟು ಎತ್ತರದ ಮಾತಿನಿಂದ ಸೀದಾ ಅಡುಗೆಮನೆಗೆ ಇಳಿದುಬಿಡುತ್ತಾನೆ. ಸುಳ್ಳು ಬಿಡಿ. ಹೊತ್ತು ಮುಳುಗುವುದರೊಳಗೆ ಸಿಟ್ಟು ಇಳಿಯಲಿ. ಕದಿಯುವವನು ದುಡಿದು ಇಲ್ಲದವರಿಗೆ ಕೊಡಲಿ. ಕೆಟ್ಟ ಮಾತು ಬಾಯಿಂದ ಹೊರಡಬಾರದು. ಇದನ್ನೆಲ್ಲ ಬರೆದವನು ಸೆರೆಯಲ್ಲಿದ್ದ ಮನುಷ್ಯ. ಸಿಟ್ಟು ಮಾಡಿಕೊಳ್ಳಲು ಅವನಿಗೆ ನನಗಿಂತ ಜಾಸ್ತಿ ಕಾರಣ ಇತ್ತು ಅಲ್ವಾ?

31ನೇ ವಚನದಲ್ಲಿ ಮೂರು ದಿನ ಸಿಕ್ಕಿಕೊಂಡೆ. ದ್ವೇಷ, ಕೋಪ, ಕ್ರೋಧ, ಕಲಹ, ದೂಷಣೆ. ಒಂದೊಂದರ ಮುಂದೆ ನಾನು ಮಾಡಿದ ಒಂದೊಂದು ಕೆಲಸ ಬರೆಯೋಣ ಅಂತ ಕೂತೆ. ದೂಷಣೆಯ ಮುಂದೆ ಬರೆಯಲು ಜಾಗ ಸಾಲಲಿಲ್ಲ. ಅವಳ ಬಗ್ಗೆ ಯಾರ ಯಾರ ಹತ್ತಿರ ಏನೇನು ಹೇಳಿದ್ದೆ ಅಂತ ಬರೆಯುತ್ತಾ ಹೋದರೆ ಪುಟ ತುಂಬಿತು.

ಅಷ್ಟರಲ್ಲಿ ಬೂದಿ ಬುಧವಾರ ಬಂತು. ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನದ ಉಪವಾಸಕಾಲ ಅವತ್ತು ಶುರು. ಪ್ರತಿ ವರ್ಷ ಆ ನಲವತ್ತು ದಿನ ಮಾಂಸ ಬಿಡುತ್ತಿದ್ದೆ, ಶುಕ್ರವಾರ ಒಪ್ಪತ್ತು ಮಾಡುತ್ತಿದ್ದೆ. ಆ ವರ್ಷ ಅದರ ಬದಲು ಒಂದೇ ಉಪವಾಸ ಹಿಡಿದೆ. ನೆಗೆಣ್ಣಿಯ ವಿಷಯ ಯಾರ ಮುಂದೆಯೂ ಎತ್ತಬಾರದು. ಒಳ್ಳೇದೂ ಬೇಡ, ಕೆಟ್ಟದ್ದೂ ಬೇಡ. ನಾಲ್ಕನೇ ದಿನಕ್ಕೇ ತಂಗಿಯ ಹತ್ತಿರ ಫೋನಿನಲ್ಲಿ ಬಾಯಿ ಬಿಟ್ಟೆ. ಮರುದಿನ ಮತ್ತೆ ಒಂದರಿಂದ ಎಣಿಸಿದೆ. ಮಾಂಸ ಬಿಡುವುದು ಎಷ್ಟು ಸುಲಭ ಅಂತ ಆಗ ತಿಳಿಯಿತು. ಈ ಉಪವಾಸದಲ್ಲಿ ನಿಜವಾಗಿ ಹಸಿವಾಗುತ್ತಿತ್ತು. ನನ್ನ ಕಷ್ಟ ಯಾರಾದರೂ ಕೇಳಲಿ, ಅಯ್ಯೋ ಪಾಪ ಅನ್ನಲಿ ಅನ್ನುವ ಹಸಿವು. ಸಿಟ್ಟಿಗಿಂತ ಅದೇ ನನ್ನಲ್ಲಿ ಆಳವಾಗಿತ್ತು. ಮೂರು ವರ್ಷದ ಸೇವೆಗೆ ಯಾರೂ ಒಂದು ಒಳ್ಳೆ ಮಾತು ಹೇಳಿರಲಿಲ್ಲ. ಅದನ್ನು ಮೊದಲ ಸಲ ದೇವರ ಮುಂದೆ ಬಾಯಿಬಿಟ್ಟು ಹೇಳಿದೆ. ದೂರು ಹೇಳುವಾಗ ಬರದ ಅಳು ಆವತ್ತು ಬಂತು.

ಪ್ರಾರ್ಥನೆಯನ್ನೂ ಬದಲಾಯಿಸಿದೆ. ಅವಳಿಗೆ ಬುದ್ಧಿ ಕೊಡು ಅನ್ನುವುದನ್ನು ಬಿಟ್ಟು ಅವಳಿಗೆ ಬೇಕಾದದ್ದು ಕೇಳಬೇಕು ಅಂದುಕೊಂಡೆ. ಆದರೆ ಅವಳಿಗೆ ಏನು ಬೇಕು ಅಂತ ನನಗೆ ಗೊತ್ತೇ ಇರಲಿಲ್ಲ. ಮಗ ಯಾವುದೋ ಪರೀಕ್ಷೆ ಬರೆಯುತ್ತಿದ್ದಾನೆ ಅನ್ನುವುದು ಮಾತ್ರ ಕಿವಿಗೆ ಬಿದ್ದಿತ್ತು. ಅದಕ್ಕೇ ಪ್ರಾರ್ಥಿಸಿದೆ. ಮೊದಮೊದಲು ಮಾತು ಒಣಗಿದ ಹಾಗಿತ್ತು. ತಿಂಗಳುಗಟ್ಟಲೆ ಹಾಗೇ ಇತ್ತು. ಮನಸ್ಸು ಬರಲಿ, ಆಮೇಲೆ ಮಾಡೋಣ ಅಂತ ಕಾದಿದ್ದರೆ ಇವತ್ತಿಗೂ ಕಾಯುತ್ತಿದ್ದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನದು ನೆಗೆಣ್ಣಿಯರ ನಡುವಿನ ಮುನಿಸು. ಗಂಡನ ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ “ಕ್ಷಮಿಸಿಬಿಡವಾ, ಸಹಿಸಿಕೋ” ಅಂತ ಇದೇ ಅಧ್ಯಾಯ ತೋರಿಸಿ ವಾಪಸ್ ಕಳಿಸುವವರನ್ನು ನಾನು ನೋಡಿದ್ದೇನೆ. ಅದು ಆತ್ಮಿಕ ಪ್ರೌಢತೆ ಅಲ್ಲ. ಅವಳಿಗೆ ಮೊದಲು ಬೇಕಾದದ್ದು ಬಾಗಿಲು, ಬೀಗ, ಜೊತೆಗೆ ನಿಲ್ಲುವ ಜನ.

ಎಂಟು ತಿಂಗಳಾದ ಮೇಲೆ ಒಂದು ಶನಿವಾರ ಅವಳ ಮನೆಗೆ ಹೋದೆ. ಮತ್ತಾಯನ ಐದನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಹೇಳುತ್ತಾನಲ್ಲ, ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗು ಅಂತ. ತಪ್ಪು ಯಾರದು ಅಂತ ಅಲ್ಲಿ ಕೇಳಿಲ್ಲ. ದಾರಿಯುದ್ದಕ್ಕೂ ಒಂದೇ ವಾಕ್ಯ ಬಾಯಿಪಾಠ ಮಾಡಿಕೊಂಡೆ. ‘ಆದರೆ’ ಅನ್ನುವ ಮಾತು ಅದರಲ್ಲಿ ಇರಬಾರದು ಅಂತ ಆಂಟಿ ಹೇಳಿದ್ದರು.

ಬಾಗಿಲು ತೆರೆದೇ ಇತ್ತು. ಅವಳು ಪಡಸಾಲೆಯಲ್ಲಿ ಕೂತು ಮೊರದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಂತಿತು. “ಬರ್ರಿ ಅಕ್ಕಾ, ಕುಂದರ್ರಿ” ಅಂದಳು. ನಾನು ನೆಲದ ಮೇಲೇ ಕೂತೆ. “ಅವತ್ತು ಎಲ್ಲಾರ ಮುಂದ ನಿನಗ ಹಂಗ ಅನಬಾರದಿತ್ತು. ತಪ್ಪಾತು. ಕ್ಷಮಾ ಮಾಡು” ಅಂದೆ.

ಅವಳು ತಕ್ಷಣ ಏನೂ ಹೇಳಲಿಲ್ಲ. ಒಂದು ಗಡ್ಡೆ ಪೂರ್ತಿ ಸುಲಿದಳು. ಆಮೇಲೆ, “ನಾ ಬರದಿದ್ದಾಗ ಒಮ್ಮೆರ ಫೋನ್ ಹಚ್ಚಿ ಯಾಕ ಬರಲಿಲ್ಲ ಅಂತ ಕೇಳಿದ್ರೇನ್ರಿ?” ಅಂದಳು. ಇಲ್ಲ ಅಂದೆ. ಆ ವರ್ಷಗಳಲ್ಲಿ ಅವಳಿಗೆ ಎರಡು ಸಲ ಗರ್ಭ ಇಳಿದಿತ್ತು. ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅತ್ತೆಯ ಮುಂದೆ ಬಂದು ಕೂತರೆ ಎಲ್ಲಾ ಹೇಳಿಬಿಡುತ್ತೇನೆ, ಆ ಜೀವಕ್ಕೆ ಯಾಕೆ ಇನ್ನೊಂದು ನೋವು ಅಂತ ದೂರ ಇದ್ದಳಂತೆ. ನನ್ನ ಹತ್ತಿರ ಹೇಳದೆ ಬಾಯಿ ಮುಚ್ಚಿಕೊಂಡದ್ದೂ ಸುಮ್ಮನೆ ಅಲ್ಲ. ನಾನು ಎದುರಾದಾಗಲೆಲ್ಲ ಲೆಕ್ಕ ಕೇಳುವ ಮುಖ ಹೊತ್ತು ನಿಂತಿರುತ್ತಿದ್ದೆ.

ಅವತ್ತು ಅವಳು ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಮೊರ ನನ್ನ ಕಡೆ ಸ್ವಲ್ಪ ಸರಿಸಿದಳು. ಇಬ್ಬರೂ ಬೆಳ್ಳುಳ್ಳಿ ಸುಲಿದೆವು.

ಮುಂದಿನ ಪ್ರಭುಭೋಜನಕ್ಕೆ ನಾನು ಮೂರನೇ ಬೆಂಚಿಗೆ ಹೋದೆ. ನಮ್ಮಿಬ್ಬರ ನಡುವೆ ಯಾರದೋ ಆರೇಳು ವರ್ಷದ ಹುಡುಗಿ ಕೂತಿತ್ತು. ನಾನು ಆ ಪುಟ್ಟ ಕೈಗೆ ಸಮಾಧಾನ ಕೊಟ್ಟೆ. ಅದು ತಿರುಗಿ ನನ್ನ ನೆಗೆಣ್ಣಿಗೆ ಕೊಟ್ಟಿತು. ಅಷ್ಟಕ್ಕೇ ನನ್ನ ಕೈ ನಡುಗುತ್ತಿತ್ತು. ಬೇರೆ ಬೇರೆ ಮಿಷನ್‌ಗಳ ಸಭೆಗಳು ಸೇರಿ 1947ರಲ್ಲಿ ದಕ್ಷಿಣ ಇಂಡಿಯಾ ಸಭೆ ಆಯಿತು. 1950ರಲ್ಲಿ ಅದರ ಪ್ರಭುಭೋಜನದ ಆರಾಧನಾ ಕ್ರಮ ಬಂದಾಗ ಈ ಕೈ ಹಿಡಿಯುವ ಪದ್ಧತಿಯನ್ನು ಕೇರಳದ ಸಿರಿಯನ್ ಕ್ರೈಸ್ತರಿಂದ ತೆಗೆದುಕೊಂಡರು. ಅದಕ್ಕೆ ಮೊದಲು ಹೇಳಲು 133ನೇ ಕೀರ್ತನೆಯ ಮಾತನ್ನು ಇಟ್ಟರು, ಸಹೋದರರು ಒಂದಾಗಿರುವುದು ಎಷ್ಟೋ ಒಳ್ಳೇದು ಅಂತ. ನಾನು ಆ ಮಾತು ಕೇಳುತ್ತಲೇ ಬೆಳೆದವಳು.

ಅವಳ ಅಂಗೈ ನನ್ನ ಅಂಗೈಗೆ ತಾಗಿದ್ದು ಅದಾಗಿ ಮೂರು ತಿಂಗಳ ಮೇಲೆ. ಕೈ ತಣ್ಣಗಿತ್ತು. ಎಡಗೈ ಮುಚ್ಚುವಾಗ ಅವಳು ಒಂದು ಕ್ಷಣ ಜಾಸ್ತಿ ಹಿಡಿದಳು.

ಸಿಟ್ಟು ಪೂರ್ತಿ ಹೋಯಿತು ಅಂತ ಹೇಳಲಾರೆ. ಹಳೇ ಮಾತು ಕೆಲವೊಮ್ಮೆ ರಾತ್ರಿ ಎದ್ದು ಬರುತ್ತದೆ. ಆಗ ನೋಟ್‌ಬುಕ್ ತೆಗೆದು ಆ 31ನೇ ವಚನದ ಪುಟ ಓದುತ್ತೇನೆ. ಈಗಲೂ ದಿನಕ್ಕೆ ಒಂದೇ ವಚನ ಬರೆಯುವುದು. ಸದ್ಯ ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದಲ್ಲಿದ್ದೇನೆ.

ಹೋದ ತಿಂಗಳು ಅತ್ತೆಯ ಸಮಾಧಿಗೆ ಕಲ್ಲು ಹಾಕಿಸುವ ಮಾತು ಬಂತು. ಇಬ್ಬರೂ ಹೋಗಿ ಸುತ್ತಲಿನ ಹುಲ್ಲು ಕಿತ್ತೆವು. ಕಲ್ಲಿನ ಮೇಲೆ ಯಾವ ವಚನ ಕೆತ್ತಿಸುವುದು ಅಂತ ನಾನು ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿದ್ದೆ. ಅವಳು ಬೇರೆ ಹೇಳಿದಳು, ‘ಯೆಹೋವನು ನನಗೆ ಕುರುಬನು’ ಅನ್ನುವ 23ನೇ ಕೀರ್ತನೆ ಇರಲಿ ಅಂದಳು. ನನ್ನ ಮಾತು ಬಾಯಿಗೆ ಬಂದಿತ್ತು. ತಡೆದುಕೊಂಡು, “ಅದ ಯಾಕವಾ?” ಅಂತ ಕೇಳಿದೆ.

“ನನಗ ಹಂಗ ಆದಾಗ ಅತ್ತಿಯವರಿಗೆ ಹೆಂಗೋ ಗೊತ್ತಾಗಿತ್ತರಿ ಅಕ್ಕಾ. ಮಧ್ಯಾಹ್ನ ನೀವು ಮಲಗಿದ್ದಾಗ ಫೋನ್ ಮಾಡಿಸ್ಕೊಂಡು, ಅದನ್ನ ಬಾಯಿಲೆ ಹೇಳ್ತಿದ್ದರು. ಪೂರ್ತಿ ಹೇಳೂತನಕ ಫೋನ್ ಇಡತಿದ್ದಿಲ್ಲ.”

ಮೂರು ವರ್ಷ ಪಕ್ಕದ ಕೋಣೆಯಲ್ಲಿದ್ದೆ. ನನಗೆ ಇದು ತಿಳಿದಿರಲಿಲ್ಲ. ಅದೇ ಕೀರ್ತನೆ ಕೆತ್ತಲು ಕೊಟ್ಟು ಬಂದೆವು.