ಗುಲ್‌ಮೊಹರ್ ಹಾಕಿದ್ರೆ ಮೊದಲ ಮೂರ್ನಾಲ್ಕು ವರ್ಷ ಕತ್ರಿ ಕೈಲಿರ್ಲಿ

ಬೇಗ ನೆರಳು ಬೇಕು, ಜೊತೆಗೆ ಹೂವೂ ಬೇಕು ಅನ್ನೋರಿಗೆ ನಾನು ಮೊದಲು ಹೇಳೋದು ಗುಲ್‌ಮೊಹರ್. ಮಡಗಾಸ್ಕರ್‌ನ ಒಣ ಕಾಡಿನ ಮರ ಇದು, ಅದೊಂದು ತಲೇಲಿಟ್ಕೊಂಡ್ರೆ ಅರ್ಧ ಆರೈಕೆ ಗೊತ್ತಾದಂಗೆ.

ಬೀಜದ ಸಿಪ್ಪೆ ಕಲ್ಲಿನಂಗೆ ಗಟ್ಟಿ, ಹಂಗೇ ಮಣ್ಣಿಗೆ ಹಾಕಿದ್ರೆ ತಿಂಗಳುಗಟ್ಟಲೆ ಸುಮ್ನೆ ಬಿದ್ದಿರತ್ತೆ. ನೈಲ್ ಕಟರಲ್ಲಿ ಒಂದು ಬದಿ ಸಿಪ್ಪೆ ಸ್ವಲ್ಪ ಚಿವುಟಿ (ಕಾಯಿಗೆ ಅಂಟಿರೋ ಮೊನೆ ಮುಟ್ಬೇಡಿ, ಮೊಳಕೆ ಬರೋದೇ ಅಲ್ಲಿಂದ), ರಾತ್ರಿ ನೆನೆಹಾಕಿ, ಬೆಳಿಗ್ಗೆ ಉಬ್ಬಿರೋದನ್ನ ಅರ್ಧ ಇಂಚು ಆಳಕ್ಕೆ ಊರಿದ್ರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಲೆ ಎತ್ತತ್ತೆ. ಸಸಿನ ಪ್ಲಾಸ್ಟಿಕ್ ಕವರಲ್ಲಿ ತುಂಬಾ ದಿನ ಇಡ್ಬೇಡಿ, ಬೇರು ಒಳಗೇ ಸುತ್ಕೊಳತ್ತೆ.

ಜಾಗದ ವಿಷ್ಯದಲ್ಲಿ ಜಿಪುಣತನ ಬೇಡ. ಮರ 30–40 ಅಡಿ ಹೋಗತ್ತೆ, ಅಗಲ ಅದಕ್ಕಿಂತ ಜಾಸ್ತಿನೇ ಆಗ್ಬಹುದು, ಬೇರು ಮೇಲ್ಮೇಲೆ ಹರಡಿ ಫುಟ್‌ಪಾತ್ ಕಲ್ಲೂ ಎತ್ತಿ ಹಾಕತ್ತೆ. ಗೋಡೆ, ಪೈಪು, ಸಂಪಿಂದ ಕಡಿಮೆ ಅಂದ್ರೂ 25 ಅಡಿ ದೂರ ಇರ್ಲಿ, ಪೂರ್ತಿ ಬಿಸಿಲು ಬೀಳ್ಬೇಕು, ನೀರು ನಿಲ್ಲೋ ಜಾಗ ಆಗಲೇಬಾರ್ದು.

ಈಗ ಅಸಲಿ ವಿಷ್ಯ, ಕತ್ರಿ. ಈ ಮರಕ್ಕೆ ಬೆಳೆಯೋ ಆತುರ ಜಾಸ್ತಿ, ಕಟ್ಟಿಗೆ ಮಾತ್ರ ಪೊಳ್ಳು ಅನ್ನೋ ಥರ, ಗಾಳಿಗೆ ಫಟ್ ಅಂತ ಸೀಳತ್ತೆ. ನಂದೊಂದು ಗಿಡ ನಾಲ್ಕಡಿ ಎತ್ತರದಲ್ಲೇ ಕವಲಾಗಿ ಎರಡು ಕೊಂಬೆ ಸಮಸಮ ದಪ್ಪ ಬೆಳೀತು, ಚೆನ್ನಾಗಿ ಕಾಣತ್ತಲ್ಲ ಅಂತ ಬಿಟ್ಟೆ, ಒಂದು ಬಿರುಗಾಳಿಗೆ ನಡುಮಧ್ಯಕ್ಕೆ ಸೀಳ್ಕೊಂಡು ಅರ್ಧ ಮರ ನೆಲಕ್ಕೆ. ಅದಕ್ಕೇ ಹೇಳೋದು, ತುದಿ ಎರಡಾದ್ರೆ ಒಂದನ್ನ ಆಗ್ಲೇ ತೆಗೀರಿ. ಪಕ್ಕದ ಕೊಂಬೆ ಕಾಂಡದ ಅರ್ಧಕ್ಕಿಂತ ದಪ್ಪ ಆಗ್ತಿದೆ ಅನ್ಸಿದ್ರೆ ಮೊಟಕು ಮಾಡಿ. 7–8 ಅಡಿವರೆಗೆ ಕಾಂಡ ಬೋಳಿರ್ಬೇಕು, ಆದ್ರೆ ಕೆಳಗಿನ ಕೊಂಬೆ ಎಲ್ಲಾ ಒಂದೇ ಸಲ ಬೋಳಿಸ್ಬೇಡಿ, ಕಾಂಡ ದಪ್ಪ ಆಗೋಕೆ ಅವೂ ಬೇಕು, ವರ್ಷಕ್ಕೆ ಒಂದಿಷ್ಟು ಅಂತ ತೆಗೀತಾ ಹೋಗಿ.

ನೀರು ಮೊದಲ ವರ್ಷ ವಾರಕ್ಕೆ ಒಂದೆರಡು ಸಲ ಬುಡ ತುಂಬಾ ನೆನೆಯೋ ಹಂಗೆ, ಆಮೇಲೆ ಕಮ್ಮಿ ಮಾಡ್ತಾ ಬನ್ನಿ. ಬೇಸಿಗೇಲಿ ಎಲೆ ಪೂರ್ತಿ ಉದುರಿದ್ರೆ ಗಾಬರಿ ಬೇಡ, ಸತ್ತಿಲ್ಲ. ಯೂರಿಯಾ ಸುರಿದ್ರೆ ಸೊಪ್ಪೇ ಸೊಪ್ಪು, ಹೂವಿಲ್ಲ. ಬೀಜದ ಗಿಡ ಹೂ ಬಿಡೋಕೆ 5 ವರ್ಷನೂ ಆಗ್ಬಹುದು 10 ವರ್ಷನೂ ಆಗ್ಬಹುದು, ಕಾಯ್ಬೇಕು ಅಷ್ಟೇ.

ದೊಡ್ಡದಾದ್ಮೇಲೆ ಒಣ ಕೊಂಬೆನ ಮಳೆಗಾಲಕ್ಕೆ ಮುಂಚೆ ತೆಗೆಸ್ಬಿಡಿ, ಆದ್ರೆ ನೀವೇ ಮರ ಹತ್ತೋ ಸಾಹಸ ಬೇಡ, ಇದರ ಕೊಂಬೆ ನಂಬೋ ಹಂಗಿಲ್ಲ.